ಬಿಟ್ಟುಹೋದ ಡೈರಿ

(ಮಣಲಿಯಲ್ಲಿ ನಡೆದ ರಾಜ್ಯೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಭಾಷಣ ಮಾಡಿ ಅಭ್ಯಾಸವಿಲ್ಲದವನು ನಾನು. ಈ ಮಣಲಿಯ ಒಂದು ಕಾರ್ಖಾನೆಯಲ್ಲಿ 1988ರಿಂದ 2024ರವರೆಗೆ ಪಾಳಿಯ ಕೆಲಸ ಮಾಡಿ ನಿವೃತ್ತನಾದವನು. ಕಾರ್ಯದರ್ಶಿಗಳು ಮನೆಗೆ ಬಂದು, "ಈ ಸಲದ ರಾಜ್ಯೋತ್ಸವಕ್ಕೆ ತಾವು ನಾಲ್ಕು ಮಾತು ಆಡಲೇಬೇಕು" ಎಂದಾಗ ನನಗೆ ಗಾಬರಿಯೇ ಆಯಿತು. ಕದಂಬರು, ಚಾಲುಕ್ಯರು, ಹೊಯ್ಸಳರು, ವಿಜಯನಗರದವರು ಎಲ್ಲರೂ ಹಿಂದಿನ ವರ್ಷಗಳ ಭಾಷಣಗಳಲ್ಲಿಯೇ ಮುಗಿದುಹೋಗಿದ್ದಾರೆ. ಏಕೀಕರಣದ ಕಥೆಯನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ಸಭೆಯ ಮೊದಲ ಸಾಲಿನಲ್ಲಿಯೇ ಕುಳಿತಿದ್ದಾರೆ. "ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯ ಯಾವುದಾದರೂ ಸರಿ" ಎಂದು ಅವರು ಸಮಾಧಾನ ಹೇಳಿ ಹೋದರು. ರಾತ್ರಿ ಬಹಳ ಹೊತ್ತು ಯೋಚಿಸಿದ ಮೇಲೆ ಹೊಳೆದದ್ದು ಒಂದೇ ವಿಷಯ. ಡೈರಿ ಬರೆಯುವುದನ್ನು ಬಿಟ್ಟುಬಿಡುವುದು ಹೇಗೆಂಬುದನ್ನು ನಾನು ಬಹಳ ಚೆನ್ನಾಗಿ ಬಲ್ಲೆ. ಬಿಟ್ಟದ್ದನ್ನು ಮತ್ತೆ ಹಿಡಿಯುವುದು ಹೇಗೆಂಬುದನ್ನು ಈಚೆಗೆ, ಅರವತ್ತರ ಹೊಸ್ತಿಲಿನಲ್ಲಿ, ಸ್ವಲ್ಪ ಕಲಿತೆ. ಅದನ್ನೇ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಡೈರಿ ಎಂದರೆ ಸಾಹಿತಿಗಳು ಬರೆಯುವ ದಿನಚರಿಯಲ್ಲ. ಮನಸ್ಸಿನ ತುಮುಲಗಳನ್ನು ತೋಡಿಕೊಳ್ಳುವ ಪುಸ್ತಕವೂ ಅಲ್ಲ. ಯಾವ ದಿನ ಯಾವ ಪಾಳಿ, ವಿಮೆಯ ಕಂತು ಎಂದು ಕಟ್ಟಬೇಕು, ಅಡುಗೆ ಅನಿಲ ಎಂದು ಮುಗಿಯಬಹುದು, ಊರಿಗೆ ಹೋಗಲು ರೈಲಿನ ಟಿಕೆಟ್ಟು ಎಂದು ಕಾದಿರಿಸಬೇಕು ಎಂದು ಮುಂದಾಗಿ ಗುರುತು ಹಾಕಿಕೊಳ್ಳುವ ಪುಸ್ತಕ. ಆದುದನ್ನು ಬರೆಯುವುದಲ್ಲ, ಆಗಬೇಕಾದುದನ್ನು ಬರೆಯುವುದು. ತಾರೀಖುಗಳನ್ನು ಅಚ್ಚು ಹಾಕಿದ ಇಂಥ ಪುಸ್ತಕವನ್ನು ಮೊದಲು ಮಾರಾಟಕ್ಕೆ ತಂದವನು ಲಂಡನ್ನಿನ ಕಾಗದದ ವ್ಯಾಪಾರಿ ಜಾನ್ ಲೆಟ್ಸ್, 1812ರಲ್ಲಿ, ಎಂದು ಹೇಳುತ್ತಾರೆ. ಈಗ ನಮ್ಮ ಕೈಗೆ ಬರುವ ಡೈರಿಗಳಲ್ಲಿ ಎಷ್ಟೋ ಶಿವಕಾಶಿಯಲ್ಲಿ ಅಚ್ಚಾದವು. ಡಿಸೆಂಬರ್ ಬಂತೆಂದರೆ ಸಾಮಾನು ಸರಬರಾಜು ಮಾಡುವವರು, ಬ್ಯಾಂಕಿನವರು, ವಿಮೆಯವರು ತಂದುಕೊಡುತ್ತಾರೆ. ಪುಕ್ಕಟೆ ಬಂದದ್ದರಿಂದಲೋ ಏನೋ, ಅದಕ್ಕೆ ನಮ್ಮ ಮನೆಗಳಲ್ಲಿ ಸಿಗುವ ಮರ್ಯಾದೆಯೂ ಅಷ್ಟಕ್ಕಷ್ಟೆ.

ಜನವರಿ ಒಂದರಂದು ಹೆಸರು, ವಿಳಾಸ, ರಕ್ತದ ಗುಂಪು ಎಲ್ಲವನ್ನೂ ಮುತ್ತಿನಂಥ ಅಕ್ಷರದಲ್ಲಿ ತುಂಬುತ್ತೇವೆ. ಸಂಕ್ರಾಂತಿಯವರೆಗೆ ಒಂದು ದಿನವೂ ತಪ್ಪುವುದಿಲ್ಲ. ರಥಸಪ್ತಮಿಯ ಹೊತ್ತಿಗೆ ಅಕ್ಷರ ಗೀಚಾಗುತ್ತದೆ. ಶಿವರಾತ್ರಿಗೆ ಚಳಿ 'ಶಿವಶಿವಾ' ಎಂದು ಹೋಗುವಾಗ ಡೈರಿಯ ಹುಮ್ಮಸ್ಸನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಆಮೇಲೆ ಆ ಪುಸ್ತಕ ಮನೆಯವರ ಸ್ವತ್ತು. ನನ್ನ 2023ರ ಡೈರಿಯನ್ನು ತೆರೆದರೆ ಮಾರ್ಚಿ ತಿಂಗಳಲ್ಲಿ ಹದಿನೈದು ಚುಕ್ಕಿಯ ರಂಗೋಲಿ ಇದೆ, ಏಪ್ರಿಲಿನಲ್ಲಿ ಹಾಲಿನ ಲೆಕ್ಕ ಇದೆ, ಇಸ್ತ್ರಿಯವನಿಗೆ ಕೊಟ್ಟ ಬಟ್ಟೆಗಳ ಎಣಿಕೆ ಇದೆ. ನನ್ನ ಬರಹ ಮಾತ್ರ ಫೆಬ್ರವರಿ 17ಕ್ಕೆ ನಿಂತಿದೆ. ಕೊನೆಯ ಸಾಲು, "ಕನ್ನಡಕ ಸರಿಮಾಡಿಸುವುದು." ಅದನ್ನು ಮಾಡಿಸಿದ್ದು ಆ ವರ್ಷದ ನವೆಂಬರಿನಲ್ಲಿ.

ಇದರಲ್ಲಿ ಆಶ್ಚರ್ಯವೇನೆಂದರೆ, ಇದೇ ಕೈ ಕಾರ್ಖಾನೆಯೊಳಗೆ ಮೂವತ್ತಾರು ವರ್ಷದಲ್ಲಿ ಒಂದು ಪಾಳಿಯನ್ನೂ ಬರೆಯದೆ ಬಿಟ್ಟದ್ದಿಲ್ಲ! ಮಣಲಿಯಲ್ಲಿ 1969ರಲ್ಲಿ ತೈಲ ಶುದ್ಧೀಕರಣದ ಕೆಲಸ ಆರಂಭವಾಯಿತು. ಹಿಂದೆಯೇ ರಸಗೊಬ್ಬರ ಬಂತು, ಆಮೇಲೆ ಪೆಟ್ರೋಲಿಯಮ್ಮಿನ ರಾಸಾಯನಿಕಗಳು ಬಂದವು. ಇವೆಲ್ಲ ಹಗಲು ರಾತ್ರಿ ನಡೆಯುವ ಘಟಕಗಳು, ಸಂಜೆಗೆ ಬಾಗಿಲು ಹಾಕಿ ಮನೆಗೆ ಹೋಗುವಂಥವಲ್ಲ. ಆದುದರಿಂದ ಜನ ಬದಲಾಗುತ್ತಾರೆ, ಯಂತ್ರ ಓಡುತ್ತಲೇ ಇರುತ್ತದೆ. ಬೆಳಗಿನ ಆರರಿಂದ ಎರಡು, ಎರಡರಿಂದ ರಾತ್ರಿ ಹತ್ತು, ಹತ್ತರಿಂದ ಬೆಳಗಿನ ಆರು ಎಂಬ ಮೂರು ಪಾಳಿಗಳ ಬಾಳನ್ನು ಇಲ್ಲಿರುವ ಅನೇಕ ಮನೆಯವರು ಬಲ್ಲಿರಿ. ತಂದೆ ಮಲಗಿದ್ದಾನೆಂದು ಮಕ್ಕಳು ಹಗಲು ಹೊತ್ತಿನಲ್ಲಿ ಪಿಸುಮಾತಾಡಿದ ಮನೆಗಳಿವು. ಪಾಳಿ ಮುಗಿಸುವವನು ಲಾಗ್ ಪುಸ್ತಕದಲ್ಲಿ ಬರೆದು, ಬರುವವನಿಗೆ ಬಾಯಲ್ಲೂ ಹೇಳಿ, ಅವನು ಸಹಿ ಹಾಕಿದ ಮೇಲೆಯೇ ಹೊರಡಬೇಕು. ಯಾವ ಪಂಪು ಓಡುತ್ತಿದೆ, ಯಾವುದು ನಿಂತಿದೆ, ಯಾವುದನ್ನು ರಿಪೇರಿಗೆ ಬಿಚ್ಚಿಟ್ಟಿದ್ದಾರೆ, ಯಾವ ಕೆಲಸ ಅರ್ಧಕ್ಕೆ ನಿಂತಿದೆ, ಇಷ್ಟು ಗೊತ್ತಾಗದೆ ಮುಂದಿನವನು ಗುಂಡಿ ಒತ್ತುವಂತಿಲ್ಲ.

ಒತ್ತಿದರೆ ಏನಾಗುತ್ತದೆ ಎಂಬುದಕ್ಕೆ ನಮಗೆ ತರಬೇತಿಯಲ್ಲಿ ಹೇಳುತ್ತಿದ್ದ ಒಂದು ಸಂಗತಿ ಇದೆ. ಸ್ಕಾಟ್ಲೆಂಡಿನ ಆಚೆ, ಉತ್ತರ ಸಮುದ್ರದ ನಡುವೆ, ಪೈಪರ್ ಆಲ್ಫಾ ಎಂಬ ತೈಲದ ಕಟ್ಟೆ ಇತ್ತು. 1988ರ ಜುಲೈ 6ರಂದು ಹಗಲು ಪಾಳಿಯವರು ಅಲ್ಲಿನ ಎರಡು ಪಂಪುಗಳಲ್ಲಿ ಒಂದರ ಸುರಕ್ಷಾ ಕವಾಟವನ್ನು ಪರೀಕ್ಷೆಗೆಂದು ಬಿಚ್ಚಿದರು. ಸಂಜೆಯೊಳಗೆ ಕೆಲಸ ಮುಗಿಯಲಿಲ್ಲ. ಕೊಳವೆಯ ಬಾಯಿಗೆ ಒಂದು ತಗಡು ಮುಚ್ಚಿ ಹೊರಟುಹೋದರು. ಕವಾಟ ಬಿಚ್ಚಿದೆ ಎಂಬ ಸುದ್ದಿ ರಾತ್ರಿ ಪಾಳಿಯವರಿಗೆ ಮುಟ್ಟಲಿಲ್ಲ. ರಾತ್ರಿ ಇನ್ನೊಂದು ಪಂಪು ನಿಂತುಹೋದಾಗ ಅವರು ಬಿಚ್ಚಿದ್ದ ಪಂಪನ್ನೇ ಚಾಲೂ ಮಾಡಿದರು. ಹತ್ತು ಗಂಟೆಯ ಹೊತ್ತಿಗೆ ಮೊದಲ ಸ್ಫೋಟವಾಯಿತು. 167 ಮಂದಿ ಸತ್ತರು. ನಾನು ಕೆಲಸಕ್ಕೆ ಸೇರಿದ ವರ್ಷವೇ ನಡೆದ ಅನಾಹುತವಾದುದರಿಂದ ಅದು ನನ್ನ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿದೆ.

ಕಾರ್ಖಾನೆಯ ಪುಸ್ತಕವನ್ನು ತಪ್ಪದೆ ಬರೆಯುವ ಮನುಷ್ಯ ಮನೆಯ ಪುಸ್ತಕವನ್ನು ಏಕೆ ಬಿಡುತ್ತಾನೆ? ಸೋಮಾರಿತನ ಎಂದು ನನ್ನ ಮನೆಯಾಕೆ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಿದ್ದಾಳೆ. ಆದರೆ ನನಗೆ ತೋರುವುದು ಬೇರೆ. ಕಾರ್ಖಾನೆಯಲ್ಲಿ ಎಂಟು ಗಂಟೆಗೊಮ್ಮೆ ಒಬ್ಬ ಬಂದು ನಿಂತು, "ಏನು ಬಾಕಿ ಇದೆ, ಹೇಳಿ" ಎಂದು ಕೇಳುತ್ತಾನೆ. ಮನೆಯ ಡೈರಿಯನ್ನು ಹಾಗೆ ಬಂದು ಕೇಳುವವರಿಲ್ಲ. ಕೇಳುವವರು ಬಂದದ್ದು ತಡವಾಗಿ. ಆ ಕಥೆ ಹೇಳಬೇಕು.

ನಮ್ಮದು ತಿಪಟೂರು. ನಮ್ಮ ತಂದೆ ಅಲ್ಲಿ ಒಂದು ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ಅವರು ತೀರಿಕೊಂಡದ್ದು ಶ್ರಾವಣ ಶುದ್ಧ ದಶಮಿ. ಒಬ್ಬನೇ ಮಗನಾದುದರಿಂದ ತಿಥಿ ಮಾಡುವುದು ನನ್ನ ಪಾಲಿನ ಕರ್ತವ್ಯ. ಪ್ರತಿ ವರ್ಷವೂ ಯುಗಾದಿಗೆ ಪಂಚಾಂಗ ಬಂದೊಡನೆ ಆ ತಾರೀಖನ್ನು ಹುಡುಕಿ ಡೈರಿಗೆ ಇಳಿಸಿಕೊಳ್ಳುವುದು ನನ್ನ ಪದ್ಧತಿ. 2023ರಲ್ಲಿ ಯುಗಾದಿಯ ಹೊತ್ತಿಗೆ ಡೈರಿಯೇ ನಿಂತುಹೋಗಿತ್ತಲ್ಲ, ಇಳಿಸಿಕೊಳ್ಳಲಿಲ್ಲ. ತಲೆಯಲ್ಲಿ ಇದೆ ಎಂದುಕೊಂಡೆ.

ತಲೆಯಲ್ಲಿ ಇಟ್ಟುಕೊಳ್ಳುವುದಕ್ಕೆ ಆ ವರ್ಷ ತಕ್ಕದ್ದಾಗಿರಲಿಲ್ಲ. 2022ರಲ್ಲಿ ಆ ತಿಥಿ ಆಗಸ್ಟ್ ಮೊದಲ ವಾರದಲ್ಲಿ ಬಂದಿತ್ತು. 2023ರಲ್ಲಿ ಅಧಿಕ ಶ್ರಾವಣ. ಜುಲೈ 18ರಿಂದ ಆಗಸ್ಟ್ 16ರವರೆಗೆ ಅಧಿಕ ಮಾಸ, ಆಮೇಲೆ ನಿಜ ಶ್ರಾವಣ. ನಾವು ಪರಸ್ಥಳದಲ್ಲಿರುವವರಿಗೆ ಇದರ ಮೇಲೆ ಇನ್ನೊಂದು ತೊಡಕು. ಮೈಸೂರು ಸೀಮೆಯವರದು ಚಾಂದ್ರಮಾನ, ಇಲ್ಲಿನ ತಮಿಳರದು ಸೌರಮಾನ. ಸೂರ್ಯ ರಾಶಿ ಬದಲಿಸಿದಾಗ ಅವರಿಗೆ ತಿಂಗಳು ಹುಟ್ಟುತ್ತದೆ, ಅಮಾವಾಸ್ಯೆ ಕಳೆದಾಗ ನಮಗೆ. ಅವರ ಲೆಕ್ಕದಲ್ಲಿ ಅಧಿಕ ಮಾಸವೇ ಬೇಕಾಗಿಲ್ಲ. ಹನ್ನೆರಡು ಚಾಂದ್ರಮಾಸಗಳು ಸೌರವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಕಡಮೆಯಾಗುವುದರಿಂದ, ಮೂವತ್ತೆರಡು ಮೂವತ್ತಮೂರು ತಿಂಗಳಿಗೊಮ್ಮೆ ಒಂದು ತಿಂಗಳನ್ನು ಸೇರಿಸಿ ಸರಿದೂಗಿಸುವ ಕಷ್ಟ ನಮ್ಮದು. ಅವರ 'ಆಡಿ'ಯನ್ನು ನಮ್ಮ ಆಷಾಢವೆಂದೇ ಇಲ್ಲಿ ಅನೇಕರು ತಿಳಿದಿದ್ದಾರೆ. ಆ ವರ್ಷ ಆಡಿ ಹುಟ್ಟುವ ಹೊತ್ತಿಗೆ ನಮ್ಮ ಆಷಾಢ ಮುಗಿಯುತ್ತ ಬಂದಿತ್ತು. ನನ್ನ ಅಡುಗೆಮನೆಯ ಗೋಡೆಯ ಮೇಲೆ ಇದ್ದದ್ದು ದಿನಕ್ಕೊಂದು ಹಾಳೆ ಹರಿಯುವ ತಮಿಳು ಕ್ಯಾಲೆಂಡರು. ಅದರಲ್ಲಿ ತಿಥಿ ಇರುತ್ತದೆ, ನಿಜ. ಆದರೆ ಹಾಳೆ ಹರಿದ ದಿನ ಮಾತ್ರ ಕಾಣುತ್ತದೆ. ಮುಂದಿನದನ್ನು ಅದು ಹೇಳುವುದಿಲ್ಲ. (ದಕ್ಷಿಣ ಕನ್ನಡದಿಂದ ಬಂದ ಬಂಧುಗಳು ನಗುತ್ತಿದ್ದಾರೆ. ಬಿಸು ಆಚರಿಸುವ ಅವರಿಗೆ ಸೌರಮಾನ ಹೊಸದಲ್ಲ.)

ಆ ಆಗಸ್ಟಿನಲ್ಲಿ ಮನೆಯಲ್ಲಿ ನಾನು ಒಬ್ಬನೇ. ಮಗಳ ಬಾಣಂತನಕ್ಕೆಂದು ಮನೆಯಾಕೆ ಬೆಂಗಳೂರಿಗೆ ಹೋಗಿದ್ದಳು. ಅಮ್ಮ ತಿಪಟೂರಿನಲ್ಲಿ ಅಕ್ಕನ ಮನೆಯಲ್ಲಿದ್ದರು. ಪಾಳಿಯಲ್ಲಿ ಇಬ್ಬರು ರಜದ ಮೇಲಿದ್ದರು. ಎರಡು ಪಾಳಿ ಒಟ್ಟಿಗೆ ಮಾಡಿ, ಕ್ಯಾಂಟೀನಿನಲ್ಲಿ ಉಂಡು, ಮನೆಗೆ ಬಂದು ಬಿದ್ದುಕೊಳ್ಳುವುದೇ ದಿನಚರಿಯಾಗಿತ್ತು. ನೂಲು ಹುಣ್ಣಿಮೆಯ ಸಂಜೆ ಅಕ್ಕ ಫೋನು ಮಾಡಿದಳು. ಮಗು ಹೇಗಿದೆ, ಮಳೆ ಬಂತೆ ಎಂದೆಲ್ಲ ಕೇಳಿದ ಮೇಲೆ, "ಅಪ್ಪನ ತಿಥಿಗೆ ಪುರೋಹಿತರು ಸಿಕ್ಕಿದರೇನೋ? ಒಬ್ಬನೇ ಹೇಗೆ ಮಾಡಿಕೊಂಡೆ?" ಎಂದಳು.

ನಾನು ಮಾತಾಡಲಿಲ್ಲ.

"ವರಮಹಾಲಕ್ಷ್ಮಿ ಹಬ್ಬದ ಮಾರನೆಯ ದಿನವೇ ಇತ್ತಲ್ಲೋ, ಶನಿವಾರ" ಎಂದಳು. ಆಗಸ್ಟ್ 26. ನಾಲ್ಕು ದಿನ ಕಳೆದಿತ್ತು. ಅಕ್ಕನಿಗೆ ಅರ್ಥವಾಯಿತು. ಫೋನನ್ನು ಅಮ್ಮನ ಕೈಗೆ ಕೊಟ್ಟಳು. ಅಮ್ಮ ಬೈಯಲಿಲ್ಲ. ಬೈದಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. "ಊಟ ಆಯಿತೇನಪ್ಪ?" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಬರುವ ಅಮಾವಾಸ್ಯೆಗೆ ಮಾಡಬಹುದೇನೋ, ಕೇಳು" ಎಂದರು. ಪುರೋಹಿತರೂ ಹಾಗೆಯೇ ಹೇಳಿದರು. ಸೆಪ್ಟೆಂಬರ್ 14ರ ಅಮಾವಾಸ್ಯೆಯಂದು ಕಾರ್ಯ ಮುಗಿಸಿದೆ. ಶಾಸ್ತ್ರಕ್ಕೆ ದಾರಿ ಸಿಕ್ಕಿತು. ಆದರೆ ಶ್ರಾವಣ ಶುದ್ಧ ದಶಮಿಯ ದಿನ ಎಂಬತ್ತು ದಾಟಿದ ಆ ಮುದುಕಿ, ಮಗ ಮಣಲಿಯಲ್ಲಿ ಪಿಂಡ ಇಡುತ್ತಿದ್ದಾನೆ ಎಂದು ನಂಬಿಕೊಂಡು ಮಧ್ಯಾಹ್ನದವರೆಗೆ ಉಪವಾಸ ಕುಳಿತಿದ್ದರೆಂದು ಆಮೇಲೆ ಅಕ್ಕ ಹೇಳಿದಳು. ಆ ಹೊತ್ತಿನಲ್ಲಿ ನಾನು ಕ್ಯಾಂಟೀನಿನಲ್ಲಿ ಪೂರಿ ತಿನ್ನುತ್ತಿದ್ದೆ.

ಮೊಬೈಲಿನಲ್ಲಿ ಗಂಟೆ ಇಟ್ಟುಕೊಂಡಿದ್ದರೆ ಆಗುತ್ತಿತ್ತಲ್ಲ ಎಂದು ಹಿಂದಿನ ಸಾಲಿನ ಹುಡುಗರು ಯೋಚಿಸುತ್ತಿರಬಹುದು. ನನ್ನ ಮಗಳೂ ಇದನ್ನೇ ಹೇಳಿದಳು. ಕಿಡಿ ಹಾರಿದರೆ ಹೊತ್ತಿಕೊಳ್ಳುವ ಘಟಕಗಳ ಒಳಕ್ಕೆ ಮೊಬೈಲನ್ನು ಒಯ್ಯಲು ಬಿಡುವುದಿಲ್ಲ. ಅದು ಕಪಾಟಿನಲ್ಲಿ ತನ್ನ ಪಾಡಿಗೆ ತಾನು ಬಡಿದುಕೊಂಡು ಸುಮ್ಮನಾಗುತ್ತದೆ. ಅಲ್ಲದೆ ಮೊಬೈಲಿನಲ್ಲಿ ದಿನಕ್ಕೆ ನೂರು ಸಲ ಏನೋ ಒಂದು ಬಡಿದುಕೊಳ್ಳುತ್ತದೆ. ತಂದೆಯ ತಿಥಿಯ ಗಂಟೆ, ಸಾಲ ಬೇಕೆ ಎಂದು ಕೇಳುವವರ ಗಂಟೆ, ಎರಡರ ಸದ್ದೂ ಒಂದೇ. ಅದು ಬೇಡವೆನ್ನುವವನಲ್ಲ ನಾನು. ಮಗಳು ಈಗ ಅದರಲ್ಲಿಯೂ ಹಾಕಿಕೊಟ್ಟಿದ್ದಾಳೆ. ಆದರೆ ಕೈಯಿಂದ ಬರೆದದ್ದು ಒಂದು ಸಲ ಮನಸ್ಸಿನ ಮೂಲಕ ಹಾದು ಹೋಗಿರುತ್ತದೆ ಎಂಬುದು ನನ್ನ ಅನುಭವ.

ಸರಿ, ಮತ್ತೆ ಡೈರಿ ಹಿಡಿಯಬೇಕೆಂದು ನಿಶ್ಚಯಿಸಿದೆ. ಇಲ್ಲಿಯೇ ನಾನು ಎರಡು ಸಲ ಮುಗ್ಗರಿಸಿದ್ದು.

ಮೊದಲನೆಯ ಸಲ, ಬಿಟ್ಟಲ್ಲಿಂದಲೇ ಶುರು ಮಾಡಲು ಹೋದೆ. ಫೆಬ್ರವರಿ 18ರಿಂದ ನೆನಪು ಮಾಡಿಕೊಂಡು ತುಂಬುತ್ತ ಬಂದರೆ ಲೆಕ್ಕ ಸರಿಯಾಗುತ್ತದೆ ಎಂದು ಮೂರು ಸಂಜೆ ಕುಳಿತೆ. ಹಳೆಯ ರಸೀದಿಗಳನ್ನು ಹುಡುಕಿದೆ, ಬ್ಯಾಂಕಿನ ಪುಸ್ತಕ ತಿರುವಿದೆ. ಮಾರ್ಚಿಯ ರಂಗೋಲಿಯವರೆಗೆ ಬರುವಷ್ಟರಲ್ಲಿ ಸಾಕುಸಾಕಾಯಿತು. ಬರೆದ ಪ್ರತಿ ಸಾಲೂ ಮಾಡದೆ ಬಿಟ್ಟ ಒಂದು ಕೆಲಸವನ್ನು ನೆನಪಿಗೆ ತರುತ್ತಿತ್ತು. ನಾಲ್ಕನೆಯ ಸಂಜೆ ಪುಸ್ತಕವನ್ನು ಕಂಡರೆ ಮುಖ ತಿರುಗಿಸಿಕೊಂಡು ಓಡಾಡತೊಡಗಿದೆ. ಸಾಲಗಾರನನ್ನು ಕಂಡು ಬೇರೆ ಬೀದಿಯಲ್ಲಿ ಹೋಗುತ್ತಾರಲ್ಲ, ಹಾಗೆ.

ಎರಡನೆಯ ಸಲ, ಪುಸ್ತಕವೇ ಸರಿಯಿಲ್ಲ ಎಂದು ತೀರ್ಮಾನಿಸಿದೆ. ಪ್ಯಾರಿಸ್ ಕಡೆಯ ಆಂಡರ್ಸನ್ ಬೀದಿ ತಮಗೆ ಗೊತ್ತು. ಲಗ್ನಪತ್ರಿಕೆಗೆಂದು ಎಲ್ಲರೂ ಹೋಗಿಯೇ ಇರುತ್ತೀರಿ. ಅಲ್ಲಿಗೆ ಹೋಗಿ ಚರ್ಮದ ಹೊದಿಕೆಯ ಭಾರಿ ಡೈರಿಯೊಂದನ್ನು ತಂದೆ. ಅದರಲ್ಲಿ ವರ್ಷದ ಗುರಿಗೆ ಒಂದು ಪುಟ, ತಿಂಗಳ ಗುರಿಗೆ ಒಂದು ಪುಟ, ನೀರು ಎಷ್ಟು ಲೋಟ ಕುಡಿದೆ ಎಂಬುದಕ್ಕೂ ಸಣ್ಣ ಸಣ್ಣ ಚೌಕಗಳು. ಆ ಕಾಗದದ ನುಣುಪಿಗೆ ನನ್ನ ಅಕ್ಷರ ತಕ್ಕದ್ದಲ್ಲ ಎನ್ನಿಸಿತು. ಮೊದಲನೆಯ ಪುಟದಲ್ಲಿ 'ಶ್ರೀ' ಎಂದು ಬರೆದು ಬೀರುವಿನಲ್ಲಿಟ್ಟೆ. ಮೊಮ್ಮಗಳು ದೊಡ್ಡವಳಾದ ಮೇಲೆ ಅದಕ್ಕೊಂದು ಉಪಯೋಗ ಸಿಗಬಹುದು.

ಇಂಥ ಭಾಷಣದಲ್ಲಿ ವಿಶ್ವೇಶ್ವರಯ್ಯನವರ ಹೆಸರು ಬರಬೇಕೆಂದು ತಾವು ಕಾಯುತ್ತಿರಬಹುದು. ಆ ಮಹನೀಯರಿಗೆ ನೂರು ನಮಸ್ಕಾರ. ಆದರೆ ಶಿಸ್ತಿಗೆ ಹೆಸರಾದವರಿಂದ ಶಿಸ್ತನ್ನು ಕಲಿಯಬಹುದು. ಬಿಟ್ಟುಹೋದದ್ದನ್ನು ಮತ್ತೆ ಹಿಡಿಯುವ ಉಪಾಯಕ್ಕೆ, ಬಿಟ್ಟು ಹಿಡಿದವರನ್ನೇ ಕೇಳಬೇಕು.

ನನಗೆ ಅಂಥವರು ಸಿಕ್ಕಿದ್ದು ಆಯುಧಪೂಜೆಯ ಹಿಂದಿನ ವಾರ, ರಾತ್ರಿ ಪಾಳಿಯಲ್ಲಿ. ನಮ್ಮ ಪಾಳಿಯ ಒಬ್ಬರು ತಮಿಳು ಗೆಳೆಯರು ಶಸ್ತ್ರಚಿಕಿತ್ಸೆಯಾಗಿ ನಲವತ್ತು ದಿನಗಳ ಮೇಲೆ ಕೆಲಸಕ್ಕೆ ಬಂದರು. ಬಂದವರು ಏನು ಮಾಡಿದರು? ನಲವತ್ತು ದಿನಗಳ ನೂರಿಪ್ಪತ್ತು ಪಾಳಿಗಳ ಲಾಗನ್ನು ಓದಲಿಲ್ಲ. ಹಿಂದಿನ ಪಾಳಿಯ ಪುಟವನ್ನು ಓದಿದರು. ಬಾಕಿ ಕೆಲಸಗಳ ಪಟ್ಟಿಯನ್ನು ಬೆರಳಿಟ್ಟು ಓದಿದರು. ಆಮೇಲೆ ಟೋಪಿ ಹಾಕಿಕೊಂಡು, ಟಾರ್ಚು ಹಿಡಿದು, ಘಟಕವನ್ನೆಲ್ಲ ಒಂದು ಸುತ್ತು ಹಾಕಿ ಯಾವುದು ಓಡುತ್ತಿದೆ, ಯಾವುದು ನಿಂತಿದೆ ಎಂದು ಕಣ್ಣಾರೆ ಕಂಡು ಬಂದು ಸಹಿ ಹಾಕಿದರು. ಮುಕ್ಕಾಲು ಗಂಟೆಯ ಕೆಲಸ. ನಲವತ್ತು ದಿನ ಇಲ್ಲದಿದ್ದ ಮನುಷ್ಯ ಪಾಳಿಗೆ ಸೇರಿಕೊಂಡಾಯಿತು. ಮೂವತ್ತಾರು ವರ್ಷದಲ್ಲಿ ನಾನೂ ರಜದಿಂದ ಬಂದಾಗಲೆಲ್ಲ ಹೀಗೆಯೇ ಮಾಡಿದ್ದೆ. ಆದರೆ ಅದು ಮನೆಯ ಪುಸ್ತಕಕ್ಕೂ ಸಲ್ಲುತ್ತದೆಂದು ತಲೆಗೆ ಹೋಗಿರಲಿಲ್ಲ.

ಹಾಗೆಂದುಕೊಳ್ಳುತ್ತಿದ್ದಂತೆ ಅಪ್ಪ ನೆನಪಾದರು. ಮಂಡಿಯಲ್ಲಿ ಹಗಲು ಯಜಮಾನರ ಕಿರ್ದಿ ಬರೆಯುತ್ತಿದ್ದ ಅಪ್ಪ, ರಾತ್ರಿ ಲಾಟೀನಿನ ಮುಂದೆ ಕುಳಿತು ಮನೆಯ ಕಿರ್ದಿ ಬರೆಯುತ್ತಿದ್ದರು. ನಾನು ಮಾಧ್ಯಮಿಕ ಶಾಲೆಯಲ್ಲಿದ್ದಾಗ ಅವರಿಗೆ ವಿಷಮಶೀತ ಜ್ವರ ಬಂದು ತಿಂಗಳ ಮೇಲೆ ಮಲಗಿಬಿಟ್ಟರು. ಎದ್ದು ಗೋಡೆಗೆ ಒರಗಿ ಕೂರುವಂತಾದ ಮೊದಲ ದಿನ ಕಿರ್ದಿ ಪುಸ್ತಕವನ್ನೂ ಹಣದ ಡಬ್ಬಿಯನ್ನೂ ತರಿಸಿಕೊಂಡರು. ಡಬ್ಬಿಯಲ್ಲಿದ್ದುದನ್ನು ಚಾಪೆಯ ಮೇಲೆ ಸುರಿದು ಎಣಿಸಿದರು. ಪುಸ್ತಕದಲ್ಲಿ ಹಿಂದೆ ಬರೆದಿದ್ದ ಕಡೆಯ ಸಾಲಿನ ಕೆಳಗೆ ಈ ತುದಿಯಿಂದ ಆ ತುದಿಗೆ ಒಂದು ಗೆರೆ ಎಳೆದರು. ಕೆಳಗೆ 'ಶ್ರೀ' ಬರೆದು, ಆ ದಿನದ ತಿಥಿ ವಾರ ಬರೆದು, ಆರಂಭದ ಶಿಲ್ಕು ಇಷ್ಟು ಎಂದು ಬರೆದರು. ಅಮ್ಮ, "ಮಧ್ಯದ ಲೆಕ್ಕ ಬೇಡವೆ? ಅವರಿವರು ಕೊಟ್ಟದ್ದು, ಔಷಧಿಗೆ ಕೊಟ್ಟದ್ದು, ಏನೇನೋ ಆಗಿದೆ" ಎಂದರು. ಅಪ್ಪ, "ಕೊಡಬೇಕಾದ್ದು ಏನಾದರೂ ಉಳಿದಿದ್ದರೆ ಹೇಳು, ಅದನ್ನು ಬರೆದುಕೊಳ್ಳುತ್ತೇನೆ. ಉಳಿದದ್ದಕ್ಕೆ ಡಬ್ಬಿ ಎಣಿಸಿ ಆಯಿತಲ್ಲ" ಎಂದರು. ಅಮ್ಮ ಔಷಧಿ ಅಂಗಡಿಯ ಬಾಕಿ ಹೇಳಿದರು. ಅದನ್ನು ಬರೆದರು. ಅಂದಿನ ಮಟ್ಟಿಗೆ ಪುಸ್ತಕ ಮುಚ್ಚಿ ಮಲಗಿದರು.

ಕಾರ್ಖಾನೆಯ ಲಾಗೂ ಮಂಡಿಯ ಕಿರ್ದಿಯೂ ಒಂದೇ ಮಾತು ಹೇಳಿದ ಮೇಲೆ ನನಗೆ ಧೈರ್ಯ ಬಂತು. ಬೆಳಿಗ್ಗೆ ಪಾಳಿ ಮುಗಿಸಿ ಬಂದು, ಅದೇ ರಂಗೋಲಿಯ ಡೈರಿಯನ್ನು ತೆಗೆದೆ. ಆ ದಿನದ ಪುಟದಲ್ಲಿ ಮೇಲೊಂದು ಗೆರೆ ಎಳೆದೆ. ಆಮೇಲೆ ಮನೆಯನ್ನು ಒಂದು ಸುತ್ತು ಹಾಕಿದೆ, ಕೈಯಲ್ಲಿ ಪೆನ್ಸಿಲು ಹಿಡಿದು. ಸ್ನಾನದ ಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಮಾತ್ರೆಯ ಡಬ್ಬಿಯಲ್ಲಿ ರಕ್ತದೊತ್ತಡದ ಮಾತ್ರೆ ಆರು ದಿನಕ್ಕೆ ಉಳಿದಿತ್ತು. ಬಾಗಿಲ ಹಿಂದಿನ ಚೀಲದಲ್ಲಿ ಆಸ್ತಿ ತೆರಿಗೆಯ ಚೀಟಿ ಇತ್ತು. ಊರಿನ ಮನೆಯ ಬಾಡಿಗೆದಾರನಿಗೆ ಉತ್ತರ ಕೊಟ್ಟಿರಲಿಲ್ಲ. ಕನ್ನಡಕದ ಕಡ್ಡಿಗೆ ಇನ್ನೂ ದಾರ ಸುತ್ತಿತ್ತು. ಹನ್ನೊಂದು ಬಾಕಿಗಳಾದವು. ಎಂಟು ತಿಂಗಳು ಹೊತ್ತು ತಿರುಗಿದ ಭಾರ, ಬರೆದು ನೋಡಿದರೆ ಹನ್ನೊಂದು ಸಾಲು! ಫೆಬ್ರವರಿಯಿಂದ ಬಿಟ್ಟುಹೋದ ಮಿಕ್ಕ ನೂರಾರು ಕೆಲಸಗಳು ತಾವೇ ಆಗಿಹೋಗಿದ್ದವು, ಇಲ್ಲವೆ ಆಗದೆಯೂ ಯಾರಿಗೂ ನಷ್ಟವಾಗಿರಲಿಲ್ಲ. ಅವುಗಳಿಗಾಗಿ ಮೂರು ಸಂಜೆ ಹಾಳುಮಾಡಿಕೊಂಡಿದ್ದೆ.

ಹನ್ನೊಂದರಲ್ಲಿ ಆ ದಿನ ಒಂದನ್ನೇ ಮಾಡಿದೆ, ಮಾತ್ರೆ ತಂದೆ. ಉಳಿದವನ್ನು ಬೇರೆ ಬೇರೆ ತಾರೀಖುಗಳಿಗೆ ಹಂಚಿದೆ. ಮೊದಲೆಲ್ಲ ನಾನು ಮಾಡುತ್ತಿದ್ದ ತಪ್ಪೆಂದರೆ ದಿನಕ್ಕೆ ಹದಿನೈದು ಕೆಲಸ ಬರೆದು, ಎರಡನ್ನು ಮಾಡಿ, ಹದಿಮೂರನ್ನು ಮಾರನೆಯ ದಿನಕ್ಕೆ ದಬ್ಬುವುದು. ಈಗ ದಿನಕ್ಕೆ ಮೂರರ ಮೇಲೆ ಬರೆಯುವುದಿಲ್ಲ. ಒಂದೇ ಕೆಲಸ ಮೂರು ಸಲ ಮುಂದಕ್ಕೆ ಹೋದರೆ ಅದನ್ನು ಮಾಡುತ್ತೇನೋ ಇಲ್ಲವೋ ಎಂದು ನಿಂತು ಕೇಳಿಕೊಳ್ಳುತ್ತೇನೆ. ಇಲ್ಲವಾದರೆ ಹೊಡೆದುಹಾಕುತ್ತೇನೆ. ಹೀಗೆ ಹೊಡೆದುಹಾಕಿದ್ದರಲ್ಲಿ ವೀಣೆ ಕಲಿಯುವುದೂ ಒಂದು. ಬೇಸರವಾಯಿತು, ಆದರೆ ಪುಸ್ತಕ ಹಗುರವಾಯಿತು.

ನಮ್ಮ ಹಿರಿಯರು ಇದಕ್ಕೆ ಬೇಕಾದ ಸಾಧನವನ್ನೇ ಮಾಡಿಕೊಂಡಿದ್ದರು. ಈಗ ಸರ್ಕಾರಿ ಕಚೇರಿಯ ಫೈಲಿಗೆ 'ಕಡತ' ಎನ್ನುತ್ತೇವಲ್ಲ, ಆ ಮಾತು ಬಂದದ್ದು ಬಟ್ಟೆಯ ಪುಸ್ತಕದಿಂದ. ಉದ್ದನೆಯ ಬಟ್ಟೆಗೆ ಹುಣಿಸೆಬೀಜದ ಅಂಟು ಮತ್ತು ಇದ್ದಿಲಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದರು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ಎಂಬ ಅಧಿಕಾರಿ 1810ರಲ್ಲಿ ಪ್ರಕಟವಾದ ತನ್ನ ಇತಿಹಾಸದ ಪುಸ್ತಕದಲ್ಲಿ ಇದನ್ನು ಮೆಚ್ಚಿ ವರ್ಣಿಸಿದ್ದಾನೆ. ಶಾನುಭೋಗರೂ ವರ್ತಕರೂ ಬಳಸುತ್ತಿದ್ದ ಈ ಕಡತಗಳು ಶೃಂಗೇರಿ ಮಠದ ದಾಖಲೆಗಳಲ್ಲಿ ಹೇರಳವಾಗಿವೆ. ಕಡತದ ಗುಣವೇನೆಂದರೆ, ಬೇಕಾದದ್ದು ಬಹುಕಾಲ ಉಳಿಯುತ್ತದೆ, ಬೇಡವಾದದ್ದನ್ನು ಒರೆಸಿ ಅದೇ ಜಾಗದಲ್ಲಿ ಮತ್ತೆ ಬರೆಯಬಹುದು. ಅಚ್ಚು ಹಾಕಿದ ಡೈರಿಯಲ್ಲಿ ಹಾಗಲ್ಲ. ಫೆಬ್ರವರಿ 18 ಖಾಲಿ ಇದೆ ಎಂದು ಅದು ವರ್ಷವಿಡೀ ಸಾರುತ್ತಿರುತ್ತದೆ. ತಾರೀಖಿಲ್ಲದ ನೋಟುಬುಕ್ಕಿಗೆ ನಾನು 2024ರಲ್ಲಿ ಬದಲಾಯಿಸಿಕೊಂಡದ್ದು ಇದಕ್ಕಾಗಿಯೇ. ಬರೆಯದ ದಿನಕ್ಕೆ ಅದರಲ್ಲಿ ಪುಟವೇ ಇರುವುದಿಲ್ಲ.

ಇಲ್ಲಿಗೆ ಹತ್ತಿರದ ಪೆರಂಬೂರಿನಲ್ಲಿ 1709ರಲ್ಲಿ ಹುಟ್ಟಿದ ಆನಂದರಂಗ ಪಿಳ್ಳೆಯವರ ಹೆಸರನ್ನು ಕೆಲವರಾದರೂ ಕೇಳಿರುತ್ತೀರಿ. ಪುದುಚೇರಿಯಲ್ಲಿ ಫ್ರೆಂಚರ ದುಭಾಷಿಯಾಗಿದ್ದು 1736ರಿಂದ 1761ರವರೆಗೆ ತಮಿಳಿನಲ್ಲಿ ದಿನಚರಿ ಬರೆದವರು. ಅದರ ಇಂಗ್ಲಿಷ್ ಅನುವಾದ ಹನ್ನೆರಡು ಸಂಪುಟಗಳಾಗಿದೆ. ಅಷ್ಟು ದೊಡ್ಡ ದಿನಚರಿಯಲ್ಲಿಯೂ, ಇಂದು ದೊರೆತಿರುವ ಮಟ್ಟಿಗೆ, ಅಲ್ಲಲ್ಲಿ ದಿನಗಳು ಇಲ್ಲ. ಬರೆಯಲಿಲ್ಲವೋ, ಹಾಳೆಗಳು ಕಳೆದುಹೋದವೋ, ಹೇಗಾದರೂ ಇರಲಿ, ಅದರಿಂದ ಆ ದಿನಚರಿಯ ಬೆಲೆ ಕುಂದಲಿಲ್ಲ. ಇದನ್ನು ತಿಳಿದ ಮೇಲೆ ನನ್ನ ಎಂಟು ತಿಂಗಳ ಬಗ್ಗೆ ನನಗಿದ್ದ ನಾಚಿಕೆ ಎಷ್ಟೋ ಕಡಮೆಯಾಯಿತು.

ಮತ್ತೆ ಹಿಡಿದ ಡೈರಿಗೆ ಪರೀಕ್ಷೆಯೂ ಬೇಗನೆ ಬಂತು. 2023ರ ಡಿಸೆಂಬರ್ ಮೊದಲ ವಾರದ ಮಿಚಾಂಗ್ ಚಂಡಮಾರುತದಲ್ಲಿ ಮಣಲಿ ಏನಾಯಿತೆಂಬುದನ್ನು ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ನಮ್ಮ ಮನೆಯೊಳಗೆ ಮೊಣಕಾಲುದ್ದ ನೀರು, ಎಣ್ಣೆಯ ವಾಸನೆ, ಕರೆಂಟು ಇಲ್ಲ, ಮೊಬೈಲು ಸತ್ತಿತ್ತು. ಮನೆಯಾಕೆ ಆಗ ಬಂದಿದ್ದಳು. ಡೈರಿಯನ್ನು ಅಟ್ಟದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟಿದ್ದೆ. ಅದರ ಹಿಂದಿನ ಹಾಳೆಯಲ್ಲಿ ಮಗಳದು, ಅಕ್ಕನದು, ವೈದ್ಯರದು ಎಂದು ಫೋನು ನಂಬರುಗಳಿದ್ದವು. ಮೊಬೈಲು ಬಂದ ಮೇಲೆ ನಮಗೆ ನಮ್ಮ ಮಕ್ಕಳ ನಂಬರೇ ಬಾಯಿಗೆ ಬರುವುದಿಲ್ಲವಷ್ಟೆ? ಮೇಲಿನ ಮಹಡಿಯವರ ಫೋನಿನಲ್ಲಿ ಸ್ವಲ್ಪ ಜೀವವಿತ್ತು. ಅದರಿಂದ ಬೆಂಗಳೂರಿಗೆ ಒಂದು ಮಾತು, ತಿಪಟೂರಿಗೆ ಒಂದು ಮಾತು ಹೇಳಿದೆವು. ಆಮೇಲೆ ಹನ್ನೆರಡು ದಿನ ಕೆಸರು ಬಳಿಯುವುದೇ ಆಯಿತು, ಏನೂ ಬರೆಯಲಿಲ್ಲ. ಹದಿಮೂರನೆಯ ದಿನ ಗೆರೆ ಎಳೆದು, ಮನೆ ಸುತ್ತಿ, ಬಾಕಿ ಬರೆದೆ. ಆ ಸಲ ಇಪ್ಪತ್ತೇಳು ಸಾಲಾದವು.

ಇಲ್ಲಿರುವ ತಾಯಂದಿರು, "ನಮಗೆ ಡೈರಿ ಯಾಕೆ, ಎಲ್ಲ ತಲೆಯಲ್ಲೇ ಇದೆ" ಎನ್ನಬಹುದು. ಇದೆ, ಒಪ್ಪುತ್ತೇನೆ. ಇಡೀ ಮನೆಯ ಲಾಗ್ ಪುಸ್ತಕ ತಮ್ಮ ತಲೆಯೇ. ಆದರೆ ತಾವು ಮಗಳ ಬಾಣಂತನಕ್ಕೆ ಹೊರಟಾಗ ಹಿಂದೆ ಉಳಿಯುವ ಗಂಡಸಿಗೆ ಆ ಪುಸ್ತಕ ತೆರೆಯಲು ಬರುವುದಿಲ್ಲ. ನಮ್ಮ ಮನೆಯಲ್ಲಿ ಈಗ ಒಂದೇ ನೋಟುಬುಕ್ಕು, ಇಬ್ಬರ ಕೈಬರಹ. ಯಾರು ಊರಿಗೆ ಹೊರಟರೂ ಪಾಳಿ ಒಪ್ಪಿಸಿಯೇ ಹೊರಡಬೇಕು. ಸಹಿ ಒಂದು ಇಲ್ಲ, ಅಷ್ಟೆ. ಅದನ್ನೂ ಹಾಕಿಸಬೇಕೆಂದು ಮನೆಯಾಕೆ ಈಚೆಗೆ ಹೇಳುತ್ತಿದ್ದಾಳೆ.

ಇನ್ನೊಂದು ಸಣ್ಣ ಮಾತು. ಪ್ರತಿ ಹೊಸ ಪುಸ್ತಕದಲ್ಲಿ ನಾನು ಮೊದಲು ಬರೆಯುವುದು ಇಲ್ಲಿನ ಅಚ್ಚಿನ ಡೈರಿಗಳಲ್ಲಿ ಸಿಗದ ದಿನಗಳನ್ನು. ನವೆಂಬರ್ 1 ಊರಿನಲ್ಲಿ ರಜ, ಇಲ್ಲಿ ಕೆಲಸದ ದಿನ. ಮುಂದಾಗಿ ಬರೆದು ಪಾಳಿ ಬದಲಿಸಿಕೊಳ್ಳದಿದ್ದರೆ ಈ ಸಭೆಗೇ ಬರಲಾಗುವುದಿಲ್ಲ. ಆಮೇಲೆ ಪಂಚಾಂಗ ನೋಡಿ ಅಧಿಕ ಮಾಸ ಇದೆಯೇ ಎಂದು ಗುರುತು ಹಾಕುತ್ತೇನೆ. 2026ಕ್ಕೆ ಅಧಿಕ ಜ್ಯೇಷ್ಠ, ಮೇ 17ರಿಂದ ಜೂನ್ 15ರವರೆಗೆ. ಜ್ಯೇಷ್ಠದಲ್ಲಿಯೂ ಆಮೇಲಿನ ತಿಂಗಳುಗಳಲ್ಲಿಯೂ ತಿಥಿ ಇರುವ ಮನೆಯವರು ದಯವಿಟ್ಟು ನೋಡಿಕೊಳ್ಳಿ.

ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಿದ್ದಾರೆ. ಮಕ್ಕಳು ಬಣ್ಣ ಹಚ್ಚಿಕೊಂಡು ನಾಟಕಕ್ಕೆ ಕಾಯುತ್ತಿದ್ದಾರೆ. ನಮ್ಮ ಅಕ್ಕ ಈಗಲೂ ಪ್ರತಿ ಆಷಾಢದ ಕೊನೆಯಲ್ಲಿ ಫೋನು ಮಾಡುತ್ತಾಳೆ. "ಬರೆದುಕೊಂಡಿದ್ದೀಯೇನೋ?" ಎನ್ನುತ್ತಾಳೆ. "ಬರೆದಿದ್ದೇನೆ ಅಕ್ಕ" ಎನ್ನುತ್ತೇನೆ. "ಎಲ್ಲಿ, ಓದು ನೋಡೋಣ" ಎನ್ನುತ್ತಾಳೆ. ನಾನು ಕನ್ನಡಕ ಹಾಕಿಕೊಂಡು, ಪುಸ್ತಕ ತೆರೆದು, ಅಪ್ಪನ ತಿಥಿಯ ದಿನ, ವಾರ, ಪುರೋಹಿತರ ಫೋನು ನಂಬರು ಎಲ್ಲವನ್ನೂ ಗಟ್ಟಿಯಾಗಿ ಓದುತ್ತೇನೆ. ಆ ಕಡೆ ಅಮ್ಮ ಕೇಳಿಸಿಕೊಳ್ಳುತ್ತಿರುತ್ತಾರೆ.